ಕಾಲುಸಂಕದಾಚೆಯ ಮನೆಗೂ ಕುಟುಂಬ ಯೋಜನೆ ಸೇವೆ: ಮಲೆನಾಡಿನ ಗ್ರಾಮ ಆರೋಗ್ಯ ಸಮಿತಿಗಳಿಗೆ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಗಿನ ಹಳ್ಳಿಗಳಲ್ಲಿ ಕುಟುಂಬ ಯೋಜನೆಯ ಹೆಸರು ಕೇಳದ ಮನೆ ಇಲ್ಲ. ಈ ಸೀಮೆಗೆ ವಿಷಯ ಹೊಸದೂ ಅಲ್ಲ: ಶಿವಮೊಗ್ಗ ಅಂದು ಸೇರಿದ್ದ ಮೈಸೂರು ಸಂಸ್ಥಾನ, ದೇಶದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಆರಂಭವಾಗುವುದಕ್ಕೆ ಎರಡು ದಶಕ ಮೊದಲೇ, 1930ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ. ಆದರೆ ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಅವಲಂಬಿಸಿದ್ದಾರೆ, ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇದೆ, ಮಕ್ಕಳ ನಡುವೆ ಅಂತರ ಇಡುವ ವಿಧಾನಗಳನ್ನು ಬಳಸುವವರು ತೀರ ಸ್ವಲ್ಪ ಮಂದಿ.

ಮದುವೆಯಾದ ದಿನದಿಂದ ಆಪರೇಷನ್ನಿನ ದಿನದವರೆಗಿನ ವರ್ಷಗಳಲ್ಲಿ, ಅಂದರೆ ಹೆಣ್ಣುಮಗಳ ದೇಹಕ್ಕೆ ಅತಿ ಹೆಚ್ಚು ವಿಶ್ರಾಂತಿ ಬೇಕಾದ ಕಾಲದಲ್ಲಿ, ನಮ್ಮ ಹಳ್ಳಿಗಳಿಗೆ ಸೇವೆ ಸರಿಯಾಗಿ ತಲುಪುತ್ತಿಲ್ಲ. ಒಮ್ಮೆ ತಲುಪಿದರೂ ಎರಡನೆಯ ಸಲ ತಲುಪುವುದಿಲ್ಲ. ಮೊದಲ ಮಾತ್ರೆಯ ಪಟ್ಟಿ ಸಿಗುತ್ತದೆ, ಮುಂದಿನ ತಿಂಗಳಿನದು ಸಿಗುವುದಿಲ್ಲ; ಮೊದಲ ಚುಚ್ಚುಮದ್ದು ಆಗುತ್ತದೆ, ಎರಡನೆಯದರ ಹೊತ್ತಿಗೆ ಹಳ್ಳ ತುಂಬಿರುತ್ತದೆ. ಈ ಎರಡನೆಯ ಭೇಟಿಯನ್ನು ಖಚಿತಪಡಿಸುವುದೇ ಗ್ರಾಮ ಮಟ್ಟದ ಕೆಲಸದ ತಿರುಳು ಎಂಬುದು ನನ್ನ ದೃಢ ಅಭಿಪ್ರಾಯ. ಕೆಳಗಿನ ಕ್ರಮಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸದಸ್ಯರು, ಗ್ರಾಮ ಪಂಚಾಯಿತಿ ಸದಸ್ಯರು, ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘದವರು ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಜಾರಿಗೆ ತರಬಹುದೆಂಬ ಉದ್ದೇಶದಿಂದ ಬರೆಯಲಾಗಿದೆ. ಯಾರಿಗೆ ಯಾವ ವಿಧಾನ ಸೂಕ್ತ ಎಂಬ ತೀರ್ಮಾನ ಮಾತ್ರ ಆ ಮಹಿಳೆ ಮತ್ತು ಆಕೆಯನ್ನು ಪರೀಕ್ಷಿಸುವ ವೈದ್ಯರಿಗೆ ಸೇರಿದ್ದು.

ಮೊದಲ ಹೆಜ್ಜೆ: ಗುರಿಯ ಸಂಖ್ಯೆಯನ್ನು ಬದಿಗಿಡುವುದು

ಸಮಿತಿಯ ಮೊದಲ ಸಭೆಯಲ್ಲಿ ಒಂದು ಮಾತು ಎಲ್ಲರಿಗೂ ಸ್ಪಷ್ಟವಾಗಬೇಕು. ಊರಿನಲ್ಲಿ ಇಷ್ಟು ಆಪರೇಷನ್ ಆಗಬೇಕು, ಇಷ್ಟು ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಬೇಕು ಎಂಬ ಲೆಕ್ಕ ಸಮಿತಿಯದಲ್ಲ. ಮೇಲಿನಿಂದ ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೇಂದ್ರ ಸರ್ಕಾರ 1996ರಲ್ಲೇ ಕೈಬಿಟ್ಟಿದೆ. ಆ ಬಳಿಕವೂ ಶಿಬಿರಗಳಲ್ಲಿ ಸಂಖ್ಯೆಯ ಒತ್ತಡ ಉಳಿದದ್ದರ ಪರಿಣಾಮವನ್ನು ದೇಶ 2014ರ ನವೆಂಬರಿನಲ್ಲಿ ಕಂಡಿತು; ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಸಾಮೂಹಿಕ ಶಸ್ತ್ರಚಿಕಿತ್ಸಾ ಶಿಬಿರಗಳ ಬಳಿಕ ಹದಿಮೂರು ಮಹಿಳೆಯರು ಪ್ರಾಣ ಕಳೆದುಕೊಂಡರು. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಈಗ ಶಸ್ತ್ರಚಿಕಿತ್ಸೆಗಳು ಸುಸಜ್ಜಿತ ಆಸ್ಪತ್ರೆಗಳಲ್ಲಿ, ನಿಗದಿತ ದಿನಗಳಲ್ಲಿ ನಡೆಯಬೇಕು.

ಹಾಗಾದರೆ ಸಮಿತಿ ಅಳೆಯಬೇಕಾದದ್ದು ಏನು? ಬೇಕೆಂದವರಿಗೆ ಬೇಕಾದ ವಿಧಾನ ಸಿಕ್ಕಿತೇ, ಬೇಡವೆಂದವರು ನೆಮ್ಮದಿಯಿಂದ ಬೇಡವೆನ್ನಲು ಸಾಧ್ಯವಾಯಿತೇ, ಆರಂಭಿಸಿದವರು ತೊಂದರೆಯಾದಾಗ ಯಾರನ್ನಾದರೂ ಕಾಣಲು ಆಯಿತೇ ಎಂಬುದನ್ನು. ಮಕ್ಕಳು ಬೇಕೆಂದು ಕಾಯುತ್ತಿರುವ ದಂಪತಿಗೆ ತಪಾಸಣೆಯ ದಾರಿ ತೋರಿಸುವುದೂ ಇದೇ ಸೇವೆಯ ಭಾಗ. ಆ ಮನೆಯ ಬಾಗಿಲಿಗೆ ಹೋದಾಗ ಮಾತ್ರೆಯ ಪಟ್ಟಿ ಹಿಡಿದು ಮಾತನಾಡಬಾರದು.

ಎರಡನೆಯ ಹೆಜ್ಜೆ: ಮನೆಗಳ ಪಟ್ಟಿಯ ಜೊತೆ ದಾರಿಗಳ ಪಟ್ಟಿ

ಅರ್ಹ ದಂಪತಿಗಳ ನೋಂದಣಿ ಪುಸ್ತಕ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಉಪಕೇಂದ್ರದ ಸಿಸ್ಟರ್ ಬಳಿ ಇರುತ್ತದೆ. 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಹೆಸರು ಅದರಲ್ಲಿರುತ್ತದೆ. ಅದು ಖಾಸಗಿ ದಾಖಲೆಯಾದ್ದರಿಂದ ಸಮಿತಿಯ ಸಭೆಯಲ್ಲಿ ಹೆಸರು ಓದಬಾರದು. ಮಾಡಬೇಕಾದದ್ದು ಮಜಿರೆವಾರು, ಅಂದರೆ ಊರಿಗೆ ಸೇರಿದ ಪ್ರತಿ ಸಣ್ಣ ಕೇರಿವಾರು ಎಣಿಕೆ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರವಾದರೆ ಗುಡ್ಡಗಾಡು ಪ್ರದೇಶದಲ್ಲಿ 3,000ಕ್ಕೆ ಒಂದು ಎಂಬುದು ಮಾನದಂಡ. ಆದರೂ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಕಾಡು ದಾಟಿ ಹೋಗಬೇಕಾದ ನಮ್ಮಲ್ಲಿ ಜನಸಂಖ್ಯೆಯ ಲೆಕ್ಕ ದೂರವನ್ನು ಹೇಳುವುದಿಲ್ಲ. ಆದ್ದರಿಂದ ಪ್ರತಿ ಮಜಿರೆಯ ಎದುರು ಕೆಲವು ಸಂಗತಿಗಳನ್ನು ಬರೆಯಿರಿ: ಉಪಕೇಂದ್ರಕ್ಕೆ ನಡೆದು ಹೋಗಲು ಬೇಸಿಗೆಯಲ್ಲಿ ಎಷ್ಟು ಹೊತ್ತು, ಮಳೆಗಾಲದಲ್ಲಿ ಎಷ್ಟು ಹೊತ್ತು, ನಡುವೆ ಯಾವ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇದೆ, ಅದು ಯಾವ ತಿಂಗಳಲ್ಲಿ ನೀರಿನಡಿ ಹೋಗುತ್ತದೆ, ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಿ ಸಂಜೆ ಎಷ್ಟಕ್ಕೆ ಬರುತ್ತದೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ.

ಪಟ್ಟಿ ಮಾಡುವಾಗ ತಪ್ಪಿಹೋಗುವವರು ಯಾರೆಂಬುದನ್ನು ಬೇರೆಯಾಗಿ ಯೋಚಿಸಬೇಕು. ಅಡಿಕೆ ಕೊಯ್ಲಿಗೂ ಶುಂಠಿ ಗದ್ದೆಗೂ ಹೊರಗಿನಿಂದ ಬಂದು ಶೆಡ್ಡುಗಳಲ್ಲಿ ಉಳಿಯುವ ಕೂಲಿ ಕುಟುಂಬಗಳು ಯಾವ ಊರಿನ ಪುಸ್ತಕದಲ್ಲೂ ಇರುವುದಿಲ್ಲ. ಶಿಕಾರಿಪುರ, ಸೊರಬ ಕಡೆಯ ತಾಂಡಾಗಳಿಂದ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೊರಹೋಗುವವರ ಹೆಸರು ಪುಸ್ತಕದಲ್ಲಿ ಇದ್ದರೂ ಅವರು ಊರಿನಲ್ಲಿರುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ಮೊದಲ ಬಸಿರಿನ ನಂತರವೇ ಸೇರುವುದು ಸಾಮಾನ್ಯವಾಗಿಬಿಟ್ಟಿದೆ. ಮೊದಲ ಮಗುವನ್ನು ಸ್ವಲ್ಪ ಕಾಲ ಮುಂದೂಡಬೇಕೆಂದಿರುವ ಆಕೆಗೆ ಅಷ್ಟರಲ್ಲಿ ಸಹಾಯದ ಸಮಯವೇ ಮುಗಿದಿರುತ್ತದೆ. ಈ ಮೂರು ಗುಂಪುಗಳನ್ನು ಹುಡುಕಿ ಸೇರಿಸಲು ಅಂಗನವಾಡಿ ಕಾರ್ಯಕರ್ತೆ ಮತ್ತು ಸಂಘದ ಪ್ರತಿನಿಧಿಗಳ ನೆರವು ಪಡೆಯಿರಿ.

ಮೂರನೆಯ ಹೆಜ್ಜೆ: ಇರುವ ವಿಧಾನಗಳನ್ನು ಸರಿಯಾಗಿ ತಿಳಿದುಕೊಳ್ಳುವುದು

ಊರಿನಲ್ಲಿ ಸುಳ್ಳು ಮಾತು ಹರಡಲು ಅರ್ಧ ತಿಳಿವಳಿಕೆಯೇ ಕಾರಣ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೋ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೋ ಸಮಿತಿಯ ಸಭೆಗೆ ಕರೆದು, ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ತೋರಿಸುವಂತೆ ಕೇಳಿಕೊಳ್ಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಸಿಗುವವುಗಳ ಮುಖ್ಯ ಅಂಶಗಳು ಹೀಗಿವೆ.

ಛಾಯಾ ಮಾತ್ರೆಯಲ್ಲಿ ಹಾರ್ಮೋನು ಇಲ್ಲ. ಇದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧ. ಮುಟ್ಟಾದ ಮೊದಲ ದಿನ ಆರಂಭಿಸಿ ಮೊದಲ ಮೂರು ತಿಂಗಳು ವಾರಕ್ಕೆ ಎರಡರಂತೆ, ನಿಗದಿತ ದಿನಗಳಲ್ಲಿ, ಆಮೇಲೆ ವಾರಕ್ಕೆ ಒಂದರಂತೆ ತೆಗೆದುಕೊಳ್ಳಬೇಕು. ಹಾಲೂಡಿಸುವ ತಾಯಂದಿರಿಗೂ ಆಗುತ್ತದೆ. ಕೆಲವರಿಗೆ ಮುಟ್ಟು ತಡವಾಗುವುದುಂಟು. ಇದನ್ನು ಮೊದಲೇ ಹೇಳದಿದ್ದರೆ ಗರ್ಭ ನಿಂತಿತೆಂದು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಒಂದು ಮಾತ್ರೆ ಮರೆತು ಏಳು ದಿನದೊಳಗೆ ನೆನಪಾದರೆ ಕೂಡಲೇ ತೆಗೆದುಕೊಂಡು ಮುಂದಿನ ಮುಟ್ಟಿನವರೆಗೆ ನಿರೋಧ್ (ಕಾಂಡೋಮ್) ಬಳಸಬೇಕು, ಏಳು ದಿನ ದಾಟಿದ್ದರೆ ಮೊದಲಿನಿಂದ ವಾರಕ್ಕೆ ಎರಡರಂತೆ ಆರಂಭಿಸಬೇಕು. ಸಂತೆಯ ದಿನವನ್ನೋ ಸಂಘದ ವಾರದ ಸಭೆಯ ದಿನವನ್ನೋ ಮಾತ್ರೆಯ ದಿನವಾಗಿ ಇಟ್ಟುಕೊಂಡವರು ಮರೆಯುವುದು ಕಡಿಮೆ.

ಮಾಲಾ-ಎನ್ ದಿನವೂ ತೆಗೆದುಕೊಳ್ಳುವ ಮಾತ್ರೆ. ಒಂದು ಪಟ್ಟಿಯಲ್ಲಿ 28 ಇದ್ದು, 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಹಾಲೂಡಿಸುವ ತಾಯಂದಿರು ಮೊದಲ ಆರು ತಿಂಗಳು ಇದನ್ನು ತೆಗೆದುಕೊಳ್ಳಬಾರದು. ರಕ್ತದೊತ್ತಡ ಇರುವವರಿಗೆ ಇದು ಸೂಕ್ತವಲ್ಲವಾದ್ದರಿಂದ ಬಿ.ಪಿ. ನೋಡದೆ ಕೊಡಬಾರದು.

ಅಂತರಾ ಚುಚ್ಚುಮದ್ದು 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಮೂರು ತಿಂಗಳಿಗೆ ಒಂದು ಸಲ. ಮೊದಲ ಡೋಸ್ ವೈದ್ಯರ ತಪಾಸಣೆಯ ನಂತರ. ಮುಂದಿನವುಗಳನ್ನು ತರಬೇತಿ ಪಡೆದ ಸಿಬ್ಬಂದಿ ಉಪಕೇಂದ್ರದಲ್ಲಿಯೇ ಕೊಡಬಹುದು. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖವನ್ನೂ ಕೊಡಬಾರದು. ಮುಟ್ಟು ಹಿಂದುಮುಂದಾಗುವುದು, ಮಧ್ಯೆ ಕಲೆ ಕಾಣುವುದು, ಕೆಲವರಿಗೆ ಪೂರ್ತಿ ನಿಂತೇಹೋಗುವುದು ಇದರ ಸ್ವಭಾವ. ರಕ್ತ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ನಿಜವಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು, ಆದ್ದರಿಂದ ಬೇಗ ಮಗು ಬೇಕೆನ್ನುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಊರಿನವರು ವಂಕಿ ಅಥವಾ ಕಾಪರ್-ಟಿ ಎಂದು ಕರೆಯುವ ಸಾಧನದಲ್ಲಿ ಎರಡು ಬಗೆ: ಹತ್ತು ವರ್ಷದ ಅವಧಿಯದು, ಐದು ವರ್ಷದ ಅವಧಿಯದು. ಹೆರಿಗೆಯಾದ 48 ಗಂಟೆಯೊಳಗೆ, ಇಲ್ಲವೆ ಆರು ವಾರ ಕಳೆದ ಮೇಲೆ ಹಾಕಿಸಿಕೊಳ್ಳಬಹುದು. ತೆಗೆಸಿದ ಕೂಡಲೇ ಮತ್ತೆ ಗರ್ಭ ಧರಿಸುವ ಶಕ್ತಿ ಮರಳುತ್ತದೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಿರಬಹುದು. ಅದು ಹೊಟ್ಟೆಯಿಂದ ಎದೆಗೆ ಏರುತ್ತದೆ ಎಂಬ ಭಯ ಈಗಲೂ ಇದೆ. ಗರ್ಭಕೋಶದ ಚಿತ್ರ ತೋರಿಸಿ ವಿವರಿಸುವುದರಿಂದ ಆ ಭಯ ಹೋಗುತ್ತದೆ, ಗದರಿಸಿದರೆ ಹೆಚ್ಚುತ್ತದೆ.

ನಿರೋಧ್ ಒಂದೇ ಲೈಂಗಿಕ ಸೋಂಕುಗಳಿಂದಲೂ ಎಚ್‌ಐವಿಯಿಂದಲೂ ರಕ್ಷಣೆ ಕೊಡುವಂಥದ್ದು. ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ತೆಗೆದುಕೊಳ್ಳಬೇಕು; ಅದು ನಿತ್ಯದ ವಿಧಾನವಲ್ಲ.

ಹೆಣ್ಣುಮಕ್ಕಳ ಶಸ್ತ್ರಚಿಕಿತ್ಸೆಗೆ ವಯಸ್ಸು 22ರಿಂದ 49ರೊಳಗಿರಬೇಕು, ಒಂದು ವರ್ಷ ದಾಟಿದ ಮಗುವೊಂದಾದರೂ ಇರಬೇಕು ಎಂಬುದು ಸರ್ಕಾರದ ಮಾನದಂಡ. ಗಂಡನ ಒಪ್ಪಿಗೆ ಸಹಿ ಕಡ್ಡಾಯವಲ್ಲ. ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು. ಇಷ್ಟು ಗೊತ್ತಿಲ್ಲದೆ, ಘಟ್ಟದ ಕೆಳಗೆ ಕೆಲಸಕ್ಕೆ ಹೋದ ಗಂಡ ಬರಲೆಂದು ಕಾಯುತ್ತ ಇನ್ನೊಂದು ಬಸಿರಾಗುವವರಿದ್ದಾರೆ.

ನಾಲ್ಕನೆಯ ಹೆಜ್ಜೆ: ಮಲೆನಾಡಿನ ವರ್ಷಕ್ಕೆ ಹೊಂದುವ ವೇಳಾಪಟ್ಟಿ

ಜಿಲ್ಲಾ ಕಚೇರಿಯ ವೇಳಾಪಟ್ಟಿ ಇಡೀ ಜಿಲ್ಲೆಗೆ ಒಂದೇ ಇರುತ್ತದೆ. ಭದ್ರಾವತಿಯ ಬಯಲಿನ ಊರಿಗೂ ಆಗುಂಬೆಯ ಪಕ್ಕದ ಊರಿಗೂ ಜುಲೈ ತಿಂಗಳು ಒಂದೇ ಅಲ್ಲ. ನಮ್ಮ ವರ್ಷದಲ್ಲಿ ಮೂರು ಅಡ್ಡಿಗಳಿವೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರದ ಕಣ್ಗಾವಲಿಗೆ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ತೈಲದ ಹಂಚಿಕೆಗೆ ಆಶಾ ಮತ್ತು ಆರೋಗ್ಯ ಸಿಬ್ಬಂದಿ ಓಡಾಡಬೇಕಾಗುತ್ತದೆ. ಅದರ ಜೊತೆಗೇ ಅಡಿಕೆ ಕೊಯ್ಲು ಮತ್ತು ಸುಲಿತ. ಆಗ ಹೆಂಗಸರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಮತ್ತು ನಾಟಿ.

ಅಂತರಾ ತೆಗೆದುಕೊಳ್ಳುವವರ ದಿನಾಂಕಗಳನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಏಪ್ರಿಲ್ ನಡುವಿನಲ್ಲಿ ಮೊದಲ ಚುಚ್ಚುಮದ್ದು ಪಡೆದವರಿಗೆ ಎರಡನೆಯದು ಬರುವುದು ಜುಲೈ ನಡುವೆ, ಮಳೆ ಅತಿ ಜೋರಾಗಿರುವಾಗ. ನಿಗದಿತ ದಿನಕ್ಕಿಂತ ಎರಡು ವಾರ ಮೊದಲೂ ನಾಲ್ಕು ವಾರ ತಡವಾಗಿಯೂ ಚುಚ್ಚುಮದ್ದು ಕೊಡಬಹುದೆಂದು ಕಾರ್ಯಕ್ರಮದ ಮಾರ್ಗಸೂಚಿ ಹೇಳುತ್ತದೆ. ಈ ಆರು ವಾರಗಳ ಅವಕಾಶವೇ ನಮ್ಮ ಹಳ್ಳಿಗಳಿಗೆ ವರದಾನ. ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಎಲ್ಲ ದಿನಾಂಕಗಳನ್ನೂ ಬರೆದಿಟ್ಟುಕೊಂಡು, ಯಾರಿಗೆ ಮೊದಲೇ ಕರೆಯಬಹುದು, ಯಾರಿಗೆ ಮಳೆ ಹೊಳವಾದ ವಾರದಲ್ಲಿ ಹೇಳಿ ಕಳಿಸಬಹುದು ಎಂದು ಸಿಸ್ಟರ್ ಜೊತೆ ಕೂತು ಹೊಂದಿಸಬೇಕು. ನಾಲ್ಕು ವಾರವೂ ದಾಟಿದ್ದರೆ ಗರ್ಭ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಮುಂದುವರಿಸಬೇಕು.

ಮಾತ್ರೆ ಮತ್ತು ನಿರೋಧ್‌ಗಳ ವಿಷಯದಲ್ಲಿ ಕಾಲುಸಂಕದಾಚೆಯ ಮನೆಗಳಿಗೆ ಮೇ ಕೊನೆಯೊಳಗೆ ಮೂರು ತಿಂಗಳಿಗಾಗುವಷ್ಟು ತಲುಪಿಸುವಂತೆ ವೈದ್ಯಾಧಿಕಾರಿಯನ್ನು ಲಿಖಿತವಾಗಿ ಕೋರಿರಿ. ದಾಸ್ತಾನು ಬೇಡಿಕೆ ಸಲ್ಲಿಸಿದ ಮೇಲೆ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕೇಂದ್ರಕ್ಕೆ ಬರಲು ಸಮಯ ಹಿಡಿಯುವುದರಿಂದ ಏಪ್ರಿಲ್ ಸಭೆಯಲ್ಲಿಯೇ ಈ ಪತ್ರ ಹೋಗಬೇಕು. ಬಿಡಿ ಮಾತ್ರೆಗಳನ್ನು ಮಲೆನಾಡಿನ ಮಳೆಗಾಲದ ತೇವದಲ್ಲಿ ಇಡುವುದು ಕಷ್ಟ; ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಲು ಹೇಳಿ. ಅವಧಿ ಮೀರುವ ದಿನಾಂಕವನ್ನು ಪ್ರತಿ ಸಲವೂ ನೋಡಬೇಕು.

ಐದನೆಯ ಹೆಜ್ಜೆ: ತವರಿಗೂ ಗಂಡನ ಮನೆಗೂ ನಡುವೆ ಕಳೆದುಹೋಗುವ ಬಾಣಂತಿ

ನನಗೆ ಅತ್ಯಂತ ಕಳವಳ ತರುವ ಸಂಗತಿ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹೊಸನಗರ ತಾಲ್ಲೂಕಿನ ಸೊಸೆ ಏಳನೆಯ ತಿಂಗಳಲ್ಲಿ ಸೊರಬದ ತವರಿಗೆ ಹೋಗುತ್ತಾಳೆ ಎಂದುಕೊಳ್ಳಿ. ಹೆರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆಗುತ್ತದೆ. ಬಾಣಂತನ ಮುಗಿಸಿ ಮಗುವಿಗೆ ಐದು ತಿಂಗಳಾದಾಗ ಗಂಡನ ಮನೆಗೆ ಮರಳುತ್ತಾಳೆ. ಈ ಅವಧಿಯಲ್ಲಿ ತವರಿನ ಆಶಾ ಆಕೆಯನ್ನು ಮಗುವಿನ ಆರೈಕೆಗೆಂದು ನೋಡಿರುತ್ತಾಳೆ, ಗಂಡನ ಮನೆಯ ಆಶಾ ಪುಸ್ತಕದಲ್ಲಿ ಆಕೆ ಊರಿನಲ್ಲಿಲ್ಲ ಎಂದಿರುತ್ತದೆ. ಅಂತರದ ವಿಧಾನದ ಬಗ್ಗೆ ಇಬ್ಬರೂ ಮಾತನಾಡಿರುವುದಿಲ್ಲ. ಮುಟ್ಟು ಇನ್ನೂ ಶುರುವಾಗಿಲ್ಲವಾದ್ದರಿಂದ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆಯಲ್ಲಿ ಆಕೆ ಇರುತ್ತಾಳೆ. ಆದರೆ ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲಬಹುದು. ಎದೆಹಾಲು ರಕ್ಷಣೆ ಕೊಡುವುದು ಮೂರು ಷರತ್ತುಗಳೂ ಒಟ್ಟಿಗೆ ಇದ್ದಾಗ ಮಾತ್ರ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲೊಂದನ್ನೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳ ಅಂತರ ಇರುವುದು ತಾಯಿ ಮಗು ಇಬ್ಬರಿಗೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗರ್ಭಪಾತವಾಗಿದ್ದರೆ ಆರು ತಿಂಗಳು.

ಇದಕ್ಕೆ ಪರಿಹಾರವನ್ನು ಬಸಿರಿನಲ್ಲೇ ಆರಂಭಿಸಬೇಕು. ಪ್ರತಿ ತಿಂಗಳ 9ರಂದು ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಅಲ್ಲಿಯೇ, ತವರಿಗೆ ಹೊರಡುವ ಮುಂಚೆಯೇ, ಹೆರಿಗೆಯ ನಂತರ ಏನು ಬಯಸುತ್ತೀರಿ ಎಂದು ಕೇಳಿ ಆಕೆ ಒಪ್ಪಿದರೆ ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯುವಂತೆ ಸಿಬ್ಬಂದಿಯನ್ನು ಕೋರಬೇಕು. ಹೆರಿಗೆ ನೋವಿನ ನಡುವೆ ವಂಕಿಯ ಒಪ್ಪಿಗೆ ಕೇಳುವುದು ಒಪ್ಪಿಗೆಯಲ್ಲ. ಮೊದಲೇ ಯೋಚಿಸಿ ಹೇಳಿದವರಿಗೆ 48 ಗಂಟೆಯೊಳಗೆ ಹಾಕಬಹುದು, ಎರಡನೆಯ ಸಲ ಆಸ್ಪತ್ರೆಗೆ ಓಡುವ ಕಷ್ಟವೂ ತಪ್ಪುತ್ತದೆ.

ಮಗು ಹುಟ್ಟಿದ ಮೇಲೆ ಆಶಾ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರುತ್ತಾಳೆ. 42ನೆಯ ದಿನದ ಭೇಟಿ ಮತ್ತು ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದು ಒಂದೇ ಹೊತ್ತಿಗೆ ಬರುತ್ತವೆ. ಅಂತರಾ ಆಗಲಿ ವಂಕಿಯಾಗಲಿ ಆರು ವಾರಕ್ಕೆ ಆರಂಭಿಸಬಹುದಾದ್ದರಿಂದ ತಾಯಿಗೆ ಇದಕ್ಕಿಂತ ಅನುಕೂಲದ ದಿನ ಇನ್ನೊಂದಿಲ್ಲ. ಮಗುವಿಗೆ ಲಸಿಕೆ ಹಾಕುವ ದಿನ ತಾಯಿಯ ಜೊತೆ ಪಕ್ಕದ ಕೋಣೆಯಲ್ಲಿ ಐದು ನಿಮಿಷ ಮಾತನಾಡುವ ಪದ್ಧತಿಯೊಂದನ್ನು ನಿಮ್ಮ ಉಪಕೇಂದ್ರದಲ್ಲಿ ತಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ದೂರವಾಣಿಯಲ್ಲಿ ಆಗುವಂಥದ್ದು: ಗಂಡನ ಮನೆಯ ಆಶಾ ತವರಿನ ಆಶಾಗೆ ಕರೆಮಾಡಿ, ಬಾಣಂತಿ ಹೊರಡುವ ದಿನ, ಆರಂಭಿಸಿದ ವಿಧಾನ, ಮುಂದಿನ ದಿನಾಂಕ ಇಷ್ಟನ್ನು ಕೇಳಿ ಬರೆದುಕೊಳ್ಳಬೇಕು. ಬಾಣಂತಿಗೆ ಇದು ತಿಳಿದಿರಬೇಕು, ಆಕೆ ಬೇಡವೆಂದರೆ ಮಾಹಿತಿ ಕೊಡಬಾರದು.

ಆರನೆಯ ಹೆಜ್ಜೆ: ಗುಟ್ಟು ಗುಟ್ಟಾಗಿಯೇ ಉಳಿಯುವ ಏರ್ಪಾಡು

ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆ. ಆಕೆಯ ಓರಗಿತ್ತಿಯೋ ನೆಂಟರೋ ಪಕ್ಕದ ಮನೆಯಲ್ಲಿರುತ್ತಾರೆ. ಕೆಲವರಿಗೆ ಇದೇ ಸಲಿಗೆ, ಕೆಲವರಿಗೆ ಇದೇ ಅಡ್ಡಿ. ಅತ್ತೆಗೆ ತಿಳಿಯದಂತೆ ಮಾತ್ರೆ ಪಡೆಯಬೇಕೆನ್ನುವ ಹುಡುಗಿಯ ಮನೆಗೆ ಆಶಾ ಚೀಲ ಹಿಡಿದು ಹೋಗುವುದಕ್ಕಿಂತ ಆಕೆಯೇ ಅಂಗನವಾಡಿಯ ಗ್ರಾಮ ಆರೋಗ್ಯ ದಿನದಂದು ಬಂದು ಹೋಗುವುದು ಒಳ್ಳೆಯದು, ಏಕೆಂದರೆ ಅಲ್ಲಿಗೆ ಎಲ್ಲರೂ ಬೇರೆ ಬೇರೆ ಕಾರಣಕ್ಕೆ ಬರುತ್ತಾರೆ. ಊರಿನ ಯಾರೊಂದಿಗೂ ಮಾತನಾಡಲಾಗದವರಿಗೆ 104 ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ಅಂಗನವಾಡಿ, ನ್ಯಾಯಬೆಲೆ ಅಂಗಡಿ ಮತ್ತು ಹಾಲಿನ ಡೇರಿಗಳ ಗೋಡೆಯ ಮೇಲೆ ಬರೆಸಿ. ಉಪಕೇಂದ್ರದಲ್ಲಿ ಪರದೆಯೋ ಬಾಗಿಲಿರುವ ಕೋಣೆಯೋ ಇಲ್ಲದಿದ್ದರೆ ಗ್ರಾಮ ಸಮಿತಿಗೆ ವರ್ಷಕ್ಕೆ ಬರುವ 10,000 ರೂಪಾಯಿಯ ಮುಕ್ತ ನಿಧಿಯ ನಿಯಮಗಳನ್ನು ನೋಡಿ ಪರದೆ, ಕುರ್ಚಿಗಳಿಗೆ ಅದನ್ನು ಬಳಸಲು ಬರುವುದೇ ಎಂದು ವೈದ್ಯಾಧಿಕಾರಿಯನ್ನು ಕೇಳಿ. ದೊಡ್ಡ ಖರ್ಚೇನೂ ಅಲ್ಲ, ಆದರೆ ಹೊರಗಿನ ಬೆಂಚಿನ ಮೇಲೆ ಕೂತವರ ಎದುರು ಬಿಳಿಸೆರಗಿನ ತೊಂದರೆಯನ್ನು ಯಾರೂ ಹೇಳಿಕೊಳ್ಳುವುದಿಲ್ಲ.

ಏಳನೆಯ ಹೆಜ್ಜೆ: ಗಂಡಸರನ್ನು ಮಾತಿಗೆ ತರುವುದು

ಗಂಡಸರ ಶಸ್ತ್ರಚಿಕಿತ್ಸೆಗೆ ಹೊಲಿಗೆಯಿಲ್ಲ, ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಿನ ಮನೆಗೆ ಮರಳಬಹುದು. ಹೆಂಗಸರದಕ್ಕಿಂತ ಸರಳವಾದ ಚಿಕಿತ್ಸೆ ಇದು. ಹಾಗಿದ್ದೂ ಅಡಿಕೆ ಮರ ಹತ್ತಲು ಶಕ್ತಿ ಉಳಿಯುವುದಿಲ್ಲ, ಗಂಡಸುತನ ಹೋಗುತ್ತದೆ ಎಂಬ ಮಾತುಗಳು ನಿಂತಿಲ್ಲ. ಎರಡೂ ಸುಳ್ಳು. ಹಾರ್ಮೋನಿಗೂ ಸ್ನಾಯುಶಕ್ತಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ; ಕೆಲವು ದಿನ ಭಾರ ಎತ್ತದೆ ವಿಶ್ರಾಂತಿ ಪಡೆದು ಆಮೇಲೆ ತೋಟದ ಕೆಲಸಕ್ಕೆ ಮರಳಬಹುದು. ಮುಖ್ಯವಾಗಿ ತಿಳಿಸಬೇಕಾದ ವಿಷಯವೆಂದರೆ ಅದು ಕೂಡಲೇ ಫಲ ಕೊಡುವುದಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲೆಯೇ ನಂಬಬಹುದು. ಈ ಪರೀಕ್ಷೆಗೆ ಯಾರೂ ನೆನಪಿಸದೆ ಬಿಟ್ಟು, ಮುಂದೆ ಹೆಂಡತಿ ಗರ್ಭಿಣಿಯಾದಾಗ ಆಕೆಯ ನಡತೆಯ ಮೇಲೆ ಅನುಮಾನ ಬರುವುದಕ್ಕಿಂತ ಕ್ರೂರವಾದದ್ದು ಬೇರಿಲ್ಲ.

ಈ ಮಾತುಕತೆಗೆ ಪುರುಷ ಆರೋಗ್ಯ ನಿರೀಕ್ಷಣಾಧಿಕಾರಿಯನ್ನು ಸಹಕಾರ ಸಂಘದ ಸಭೆಗೋ ಹಾಲಿನ ಡೇರಿಯ ಬಳಿಗೋ ಕರೆಸಿ. ನಿರೋಧ್ ಪೆಟ್ಟಿಗೆಯನ್ನು ಉಪಕೇಂದ್ರದ ಹೊರಗೋಡೆಗೆ, ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಹಾಕಿಸಿ, ವಾರಕ್ಕೊಮ್ಮೆ ತುಂಬುವ ಹೊಣೆಯನ್ನು ಒಬ್ಬರಿಗೆ ವಹಿಸಿ.

ಎಂಟನೆಯ ಹೆಜ್ಜೆ: ಹೋಗಿ ಬರುವ ಏರ್ಪಾಡು

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಆದ್ದರಿಂದ ಪ್ರಯಾಣದ ಖರ್ಚು ಉಳಿದೇ ಇದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ, ಸಾಗರದ ಆಸ್ಪತ್ರೆಗೆ ಹೋಗಿ ಅದೇ ದಿನ ಮರಳಬಹುದಾಗಿದೆ. ಅಂಥ ಅನುಕೂಲ ಇಲ್ಲದ ಕಡೆ ತಾಲ್ಲೂಕು ಆಸ್ಪತ್ರೆಯ ನಿಗದಿತ ಶಸ್ತ್ರಚಿಕಿತ್ಸಾ ದಿನ ಮತ್ತು ವಂಕಿ ಹಾಕುವ ಸಿಬ್ಬಂದಿ ಇರುವ ದಿನಗಳನ್ನು ಮುಂಚಿತವಾಗಿ ದೂರವಾಣಿಯಲ್ಲಿ ಖಚಿತಪಡಿಸಿಕೊಂಡು, ಮೂರು ನಾಲ್ಕು ಮಂದಿ ಒಟ್ಟಿಗೆ ಜೀಪಿನಲ್ಲಿ ಹೋಗುವಂತೆ ಹೊಂದಿಸಬೇಕು. ಹೋದವರು ವೈದ್ಯರಿಲ್ಲವೆಂದು ಬರಿಗೈಯಲ್ಲಿ ಮರಳಿದರೆ ಒಂದು ದಿನದ ಕೂಲಿಯ ಜೊತೆ ಊರಿನವರ ನಂಬಿಕೆಯೂ ಹೋಗುತ್ತದೆ. ಆಪರೇಷನ್ ಆದವರನ್ನು ಮನೆಗೆ ಬಿಡಲು ಆಸ್ಪತ್ರೆಯ ವಾಹನ ಸಿಗುವುದೇ ಎಂದು ದಾಖಲಾಗುವ ಮೊದಲೇ ಕೇಳಿರಿ. ಹೊಲಿಗೆಯ ಹೊಟ್ಟೆ ಹಿಡಿದು ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನಲ್ಲಿ ಬರುವಂತಾಗಬಾರದು.

ಒಂಬತ್ತನೆಯ ಹೆಜ್ಜೆ: ತೊಂದರೆಯಾದಾಗ, ಬೇಡವೆನಿಸಿದಾಗ, ವಿಫಲವಾದಾಗ

ಆರಂಭಿಸುವ ಹಕ್ಕಿನಷ್ಟೇ ನಿಲ್ಲಿಸುವ ಹಕ್ಕೂ ದೊಡ್ಡದು. ವಂಕಿ ತೆಗೆಯಿರಿ ಎಂದು ಬಂದವರಿಗೆ ಇನ್ನೂ ಆರು ತಿಂಗಳು ನೋಡಿ ಎಂದು ಹಿಂದೆ ಕಳಿಸುವುದು ತಪ್ಪು. ತೊಂದರೆಗೆ ಔಷಧಿ ಕೊಡಬಹುದು, ವಿವರಿಸಬಹುದು. ಆಮೇಲೂ ಆಕೆ ತೆಗೆಯಿರಿ ಎಂದರೆ ತೆಗೆಯಬೇಕು, ಬೇರೆ ವಿಧಾನ ಬೇಕೆಂದರೆ ಅದೇ ದಿನ ಕೊಡಬೇಕು. ತೆಗೆಯಲು ಒಪ್ಪದ ಒಂದು ಪ್ರಸಂಗ ಊರಿನಲ್ಲಿ ಹರಡಿದರೆ ಹತ್ತು ಮಂದಿ ಆ ವಿಧಾನದ ಹತ್ತಿರ ಸುಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಜ್ವರ, ಗಾಯದಿಂದ ಕೀವು, ಹೊಟ್ಟೆ ಉಬ್ಬರ, ತೀವ್ರ ನೋವು ಕಂಡರೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು.

ಹೆಂಗಸರ ಆಪರೇಷನ್ ಕೂಡ ಇನ್ನೂರರಲ್ಲಿ ಒಬ್ಬರ ಆಸುಪಾಸಿನಲ್ಲಿ ವಿಫಲವಾಗಬಹುದು. ಆಪರೇಷನ್ ಆದವರಿಗೆ ಮುಟ್ಟು ತಪ್ಪಿದರೆ ತಕ್ಷಣ ಪರೀಕ್ಷೆ ಮಾಡಿಸಬೇಕು. ವೈಫಲ್ಯ, ತೊಡಕು ಅಥವಾ ಸಾವು ಸಂಭವಿಸಿದಲ್ಲಿ ಸರ್ಕಾರದ ಕುಟುಂಬ ಯೋಜನೆ ನಷ್ಟ ಪರಿಹಾರ ಯೋಜನೆಯಡಿ ಪರಿಹಾರವಿದೆ, ಅರ್ಜಿಗೆ ಕಾಲಮಿತಿಯೂ ಇದೆ. ಆದ್ದರಿಂದ ಒಪ್ಪಿಗೆ ಪತ್ರದ ಪ್ರತಿ, ಬಿಡುಗಡೆ ಚೀಟಿ, ಆಮೇಲೆ ಕೊಡುವ ಶಸ್ತ್ರಚಿಕಿತ್ಸಾ ಪ್ರಮಾಣಪತ್ರ ಇವನ್ನು ಕೇಳಿ ಪಡೆದು ರೇಷನ್ ಕಾರ್ಡಿನ ಜೊತೆ ಇಡಲು ಪ್ರತಿ ಕುಟುಂಬಕ್ಕೂ ಹೇಳಬೇಕು.

ಬೇಡದ ಗರ್ಭ ನಿಂತವರಿಗೆ ಕಾನೂನಿನ ರಕ್ಷಣೆ ಇದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ, ನಿಯಮದಲ್ಲಿ ಹೇಳಿದ ಕೆಲವು ಸನ್ನಿವೇಶಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಗರ್ಭನಿರೋಧಕ ವಿಫಲವಾದದ್ದು ಒಪ್ಪಬಹುದಾದ ಕಾರಣ. ಹದಿನೆಂಟು ದಾಟಿದವರಿಗೆ ಅವರ ಒಪ್ಪಿಗೆಯೊಂದೇ ಸಾಕು, ಗಂಡನದು ಬೇಕಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಕರ್ತವ್ಯ. ಔಷಧಿ ಅಂಗಡಿಯಿಂದ ಯಾರೋ ತಂದುಕೊಟ್ಟ ಮಾತ್ರೆ ನುಂಗಿ ರಕ್ತಸ್ರಾವವಾಗಿ, ನಾಚಿಕೆಯಿಂದ ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳಿಗೆ ಈ ಮಾತು ತಲುಪಬೇಕು. ಭ್ರೂಣಲಿಂಗ ಪತ್ತೆ ಇದಕ್ಕಿಂತ ಸಂಪೂರ್ಣ ಬೇರೆ ವಿಷಯ. ಅದು 1994ರ ಕಾಯ್ದೆಯಡಿ ಅಪರಾಧ.

ಹತ್ತನೆಯ ಹೆಜ್ಜೆ: ತಿಂಗಳ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಐದು ಪ್ರಶ್ನೆಗಳಿಗೆ ಉತ್ತರ ಪಡೆದು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಈ ತಿಂಗಳು ಛಾಯಾ, ಮಾಲಾ-ಎನ್, ಅಂತರಾ, ನಿರೋಧ್ ಇವುಗಳಲ್ಲಿ ಯಾವುದು, ಎಷ್ಟು ದಿನ ಉಪಕೇಂದ್ರದಲ್ಲಿ ಇರಲಿಲ್ಲ? ಅಂತರಾದ ದಿನಾಂಕ ಬಂದಿದ್ದವರಲ್ಲಿ ಎಷ್ಟು ಮಂದಿಗೆ ಅವಧಿಯೊಳಗೆ ಸಿಕ್ಕಿತು? ಆರು ವಾರ ತುಂಬಿದ ಬಾಣಂತಿಯರಲ್ಲಿ ಎಷ್ಟು ಮಂದಿಯ ಜೊತೆ ಮಾತುಕತೆ ಆಯಿತು, ತವರಿನಿಂದ ಮರಳಿದವರ ಮಾಹಿತಿ ಬಂತೇ? ಆಸ್ಪತ್ರೆಗೆ ಹೋಗಿ ಸೇವೆ ಸಿಗದೆ ಮರಳಿದವರು ಇದ್ದಾರೆಯೇ, ಕಾರಣವೇನು? ವಿಧಾನ ಬಿಟ್ಟವರು ಏಕೆ ಬಿಟ್ಟರು? ಕೊನೆಯ ಪ್ರಶ್ನೆಗೆ ಉತ್ತರ ಸಿಗಲು ಸಮಯ ಬೇಕು, ಆಶಾಳನ್ನು ಗದರಿಸದೆ ಕೇಳಿದರೆ ಮಾತ್ರ ಅದು ಸಿಗುತ್ತದೆ.

ದಾಸ್ತಾನು ಖಾಲಿಯಾಗಿದ್ದರೆ ಅಥವಾ ಸಿಬ್ಬಂದಿಯ ಹುದ್ದೆ ಖಾಲಿ ಇದ್ದರೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಎಷ್ಟು ದಿನ, ಯಾವ ವಸ್ತು, ಎಷ್ಟು ಮಂದಿಗೆ ತೊಂದರೆ ಎಂದು ಪತ್ರ ಬರೆದು ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಇನ್ನೊಂದನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ; ಮುಂದಿನ ಸಭೆಯೊಳಗೆ ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಬೇಕು.